ಶಿವರಾತ್ರಿ ಹೊತ್ತಿನ ಚಳಿ, ಸೆಕೆ: ನಾಲ್ಕು ಊರಿನ ಹವೆ ಹೋಲಿಸುವ ಕ್ರಮ

ಫೆಬ್ರವರಿ ಅರ್ಧ ಕಳೆಯಿತೆಂದರೆ ನಮ್ಮ ಮನೆಯ ಫೋನಿನಲ್ಲಿ ಒಂದೇ ಮಾತು. ಧಾರವಾಡದಿಂದ ಅಕ್ಕ, ಸುರತ್ಕಲ್ಲಿನಿಂದ ತಂಗಿ, ದೆಹಲಿಯಿಂದ ಮಗ. ಎಲ್ಲರದ್ದೂ ಮೊದಲ ಪ್ರಶ್ನೆ, "ಅಲ್ಲಿ ಎಷ್ಟು ಡಿಗ್ರಿ?" ನಾನು ಮೂವತ್ತು ಅಂದರೆ ಅಕ್ಕ ನಂಬುವುದಿಲ್ಲ. "ಕೊಡಗಿನಾಗ ಮೂವತ್ತಾ? ಸುಮ್ನೆ ಹೇಳಬ್ಯಾಡ" ಅನ್ನುತ್ತಾಳೆ. ಮದುವೆಯಾಗಿ ಹೋಗಿ ಮೂವತ್ತು ವರ್ಷ ಆಯಿತು, ಮಾತು ಪೂರ್ತಿ ಧಾರವಾಡದ್ದೇ ಆಗಿದೆ. ಅವಳ ಲೆಕ್ಕದಲ್ಲಿ ನಾನು ವರ್ಷವಿಡೀ ಮಂಜಿನ ಒಳಗೆ ಕಂಬಳಿ ಹೊದ್ದು ಕೂತಿರುವವಳು. ಆ ಹೊತ್ತಿಗೆ ನಾನು ಸುಂಟಿಕೊಪ್ಪದ ಹತ್ತಿರದ ನಮ್ಮ ಕಣದಲ್ಲಿ ತಲೆಗೆ ಟವೆಲ್ ಹಾಕಿಕೊಂಡು ರೋಬಸ್ಟಾ ಕಾಫಿ ಒಣಗಿಸುತ್ತಾ ಬೆವರುತ್ತಿರುತ್ತೇನೆ.

ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಮಗ ಬೆಳಗ್ಗೆ ಏಳು ಗಂಟೆಯ ಅಂಕಿ ಹೇಳುತ್ತಿದ್ದ, ನಾನು ಮಧ್ಯಾಹ್ನ ಎರಡು ಗಂಟೆಯದ್ದು. ತಂಗಿ ಫೋನ್ ನೋಡಿ ಹೇಳುತ್ತಿದ್ದಳು, ಅಕ್ಕ ಪೇಪರ್ ನೋಡಿ. ನಾಲ್ಕು ಜನ ನಾಲ್ಕು ಬೇರೆ ಬೇರೆ ಸೇರಿನಲ್ಲಿ ಅಳೆದು ಯಾರ ಭತ್ತ ಜಾಸ್ತಿ ಅಂತ ಜಗಳ ಆಡಿದ ಹಾಗೆ. ಈಗ ಆರು ವರ್ಷದಿಂದ ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಜಗಳ ನಿಂತಿಲ್ಲ, ಆದರೆ ಜಗಳಕ್ಕೆ ಈಗ ಅರ್ಥ ಇದೆ. ನೀವೂ ಮಾಡಬಹುದು. ಖರ್ಚು ಹೆಚ್ಚಿಲ್ಲ.

ಮೊದಲು ಥರ್ಮಾಮೀಟರನ್ನು ಸರಿಯಾದ ಜಾಗದಲ್ಲಿ ಇಡಿ

ನಾನು ಮೊದಲ ವರ್ಷ ಮಾಡಿದ ತಪ್ಪು ಹೇಳಿಬಿಡುತ್ತೇನೆ. ಗೋದಾಮಿನ ಪಡುವಣ ಗೋಡೆಗೆ, ಶೀಟಿನ ಮಾಡಿನ ಕೆಳಗೆ, ಒಂದು ಮೊಳೆ ಹೊಡೆದು ಥರ್ಮಾಮೀಟರ್ ನೇತುಹಾಕಿದೆ. ನೆರಳಿತ್ತಲ್ಲ, ಸಾಕು ಅಂದುಕೊಂಡೆ. ಮಧ್ಯಾಹ್ನ ಮೂರಕ್ಕೆ 37 ತೋರಿಸಿತು. ನಾನು ಹೆದರಿ ಎಲ್ಲರಿಗೂ ಫೋನ್ ಮಾಡಿದೆ. ಸಂಜೆ ಭಾವ ಬಂದವರು ಗೋಡೆ ಮುಟ್ಟಿ ನೋಡಿ ನಕ್ಕರು. "ಇದು ಗೋಡೆಯ ಜ್ವರ ಕಣಮ್ಮ, ಊರಿಂದಲ್ಲ" ಅಂದರು. ಬಿಸಿಲಿಗೆ ಕಾದ ಗೋಡೆ, ಕಾದ ಶೀಟು, ಎರಡೂ ಸೇರಿ ಅದನ್ನು ಬೇಯಿಸುತ್ತಿದ್ದವು.

ಹವಾಮಾನ ಇಲಾಖೆಯವರು ಥರ್ಮಾಮೀಟರನ್ನು ಬಿಳಿ ಬಣ್ಣದ ಮರದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಸುತ್ತ ಪಟ್ಟಿ ಪಟ್ಟಿಯ ಗೋಡೆ, ಗಾಳಿ ಆಡಬೇಕು, ಬಿಸಿಲು ಬೀಳಬಾರದು. ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರ. ನಾವು ಟೊಮೆಟೊ ತರುವ ಪ್ಲಾಸ್ಟಿಕ್ ಕ್ರೇಟ್ ಒಂದಕ್ಕೆ ಬಿಳಿ ಬಣ್ಣ ಬಳಿದು, ಮೇಲೆ ಎರಡು ಪದರ ಪ್ಲೈವುಡ್ಡನ್ನು ನಡುವೆ ಒಂದಿಂಚು ಸಂದು ಬಿಟ್ಟು ಮುಚ್ಚಿ, ಕಂಬಕ್ಕೆ ಕಟ್ಟಿದ್ದೇವೆ. ಕಂಬ ಕಣದಲ್ಲಿ ಬೇಡ, ಸಿಮೆಂಟು ಕಾಯುತ್ತದೆ. ಹುಲ್ಲು ಇರುವ ಬಯಲು ಒಳ್ಳೆಯದು. ದೊಡ್ಡ ಮರದ ಕೆಳಗೂ ಬೇಡ. ಮರ ಹಗಲಿನ ಬಿಸಿ ತಗ್ಗಿಸುತ್ತದೆ, ರಾತ್ರಿಯ ಚಳಿಯನ್ನೂ ತಡೆಯುತ್ತದೆ. ಎರಡು ಕಡೆಯೂ ಸುಳ್ಳು ಲೆಕ್ಕ. ಪಟ್ಟಣದ ಮನೆಯಲ್ಲಿ ಇರುವವರಿಗೆ ಬಯಲು ಎಲ್ಲಿಂದ ಬರಬೇಕು? ಬಡಗು ದಿಕ್ಕಿನ ಬಾಲ್ಕನಿ ಇದ್ದರೆ ಸಾಕು. ಈ ತಿಂಗಳಲ್ಲಿ ಸೂರ್ಯ ಇನ್ನೂ ತೆಂಕಲಿಗೇ ವಾಲಿರುತ್ತಾನೆ, ಬಡಗು ಬದಿಗೆ ನೇರ ಬಿಸಿಲು ಬೀಳುವುದಿಲ್ಲ. ಗೋಡೆಗೆ ಅಂಟಿಸಬೇಡಿ, ಒಂದು ಗೇಣು ದೂರ ಇರಲಿ.

ಕೊಳ್ಳುವುದಾದರೆ ಗರಿಷ್ಠ, ಕನಿಷ್ಠ ಎರಡೂ ಹಿಡಿದಿಡುವ ಥರ್ಮಾಮೀಟರ್ ಕೊಳ್ಳಿ. ನೀವು ನಿದ್ದೆ ಮಾಡುವಾಗ ಎಷ್ಟಕ್ಕೆ ಇಳಿಯಿತು ಅನ್ನುವುದನ್ನು ಅದು ನೆನಪಿಟ್ಟುಕೊಳ್ಳುತ್ತದೆ. ದಿನಕ್ಕೊಮ್ಮೆ ಓದಿ, ಬಟನ್ ಒತ್ತಿ ಮತ್ತೆ ಶುರು ಮಾಡಿದರೆ ಮುಗಿಯಿತು.

ಎಲ್ಲರಿಗೂ ಒಂದೇ ಗಂಟೆ

ನಮ್ಮಲ್ಲಿ ಬೆಳಗ್ಗೆ ಎಂಟೂವರೆ. ಇದು ನಾನು ಹುಡುಕಿದ್ದಲ್ಲ. ಭಾರತೀಯ ಹವಾಮಾನ ಇಲಾಖೆಯ ಮಳೆಯ ದಿನ ಎಂಟೂವರೆಯಿಂದ ಎಂಟೂವರೆಗೆ. ನೀವೂ ಅದೇ ಹೊತ್ತು ಇಟ್ಟುಕೊಂಡರೆ ನಿಮ್ಮ ಅಂಕಿಯನ್ನು ಅವರದ್ದರ ಪಕ್ಕ ಇಡಬಹುದು.

ಇಲ್ಲಿ ಒಂದು ಸಣ್ಣ ಗೊಂದಲ ಎಲ್ಲರಿಗೂ ಆಗುತ್ತದೆ. ಎಂಟೂವರೆಗೆ ಓದಿದಾಗ ಸಿಗುವ ಕನಿಷ್ಠ ಇವತ್ತು ಬೆಳಗಿನ ಜಾವದ್ದು. ಗರಿಷ್ಠ ಮಾತ್ರ ನಿನ್ನೆ ಮಧ್ಯಾಹ್ನದ್ದು! ಅದನ್ನು ನಿನ್ನೆಯ ಸಾಲಿಗೇ ಬರೆಯಬೇಕು. ಮಳೆ ಹಾಗಲ್ಲ. ನಿನ್ನೆ ಸಂಜೆ ಸುರಿದದ್ದು ಇವತ್ತಿನ ತಾರೀಖಿಗೆ ಬರುತ್ತದೆ. ಮಳೆ ಬಂದದ್ದು ನಾಲ್ಕನೇ ತಾರೀಖೋ ಐದನೇ ತಾರೀಖೋ ಅಂತ ನನಗೂ ಪಕ್ಕದ ತೋಟದವರಿಗೂ ಒಂದು ಸಲ ದೊಡ್ಡ ವಾದ ಆಗಿತ್ತು. ಇಬ್ಬರೂ ಸರಿ. ಅವರು ಕಣ್ಣಾರೆ ನೋಡಿದ ದಿನ ಬರೆದಿದ್ದರು, ನಾನು ಅಳೆದ ದಿನ.

ಮಳೆ ಅಳೆಯುವುದು ಸುಲಭ. ಬಾಯಿಯೂ ಹೊಟ್ಟೆಯೂ ಒಂದೇ ಅಗಲ ಇರುವ ನೆಟ್ಟಗಿನ ಪಾತ್ರೆ ಬಯಲಲ್ಲಿ ಇಟ್ಟರೆ, ಒಳಗೆ ನಿಂತ ನೀರಿನ ಆಳವೇ ಮಳೆ. ಪಾತ್ರೆ ದೊಡ್ಡದೋ ಚಿಕ್ಕದೋ ಲೆಕ್ಕಕ್ಕಿಲ್ಲ. ಬಿಂದಿಗೆ, ಚೊಂಬು ಆಗುವುದಿಲ್ಲ. ಕೊಡಗಿನಲ್ಲಿ ನಾವು ಈಗಲೂ ಇಂಚು, ಸೆಂಟಿನಲ್ಲಿ ಮಾತಾಡುತ್ತೇವೆ. ನೂರು ಸೆಂಟು ಅಂದರೆ ಒಂದು ಇಂಚು. ಹೊರಗಿನವರು ಮಿಲಿಮೀಟರ್ ಕೇಳುತ್ತಾರೆ. ಒಂದು ಇಂಚು ಎಂದರೆ 25.4 ಮಿಲಿಮೀಟರ್, ಹಾಗಾಗಿ ಸೆಂಟನ್ನು ನಾಲ್ಕರಿಂದ ಭಾಗಿಸಿದರೆ ಹೆಚ್ಚುಕಡಿಮೆ ಮಿಲಿಮೀಟರ್ ಸಿಗುತ್ತದೆ. 40 ಸೆಂಟು ಅಂದರೆ ಹತ್ತು ಮಿಲಿಮೀಟರ್. ನಮ್ಮ ಮಾವನವರ ಹಳೆಯ ಪುಸ್ತಕ ಪೂರ್ತಿ ಸೆಂಟಿನಲ್ಲೇ ಇದೆ. ನಾನು ಅದನ್ನು ಬದಲಾಯಿಸಿಲ್ಲ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಮಿಲಿಮೀಟರ್ ಬರೆದಿದ್ದೇನೆ.

ಎತ್ತರ ಕಳೆದು ಆಮೇಲೆ ಮಾತಾಡಿ

ನೂರು ಮೀಟರ್ ಮೇಲೆ ಹತ್ತಿದರೆ ಸುಮಾರು 0.65 ಡಿಗ್ರಿ ತಂಪು. ಇದು ಸರಾಸರಿ ಲೆಕ್ಕ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್, ಕುಶಾಲನಗರ 830ರ ಆಸುಪಾಸು. ಹಾಗಾಗಿ ಮೂವತ್ತು ಕಿಲೋಮೀಟರಿನ ದಾರಿಯಲ್ಲೇ ಎರಡು ಡಿಗ್ರಿ ವ್ಯತ್ಯಾಸ. ಬೆಂಗಳೂರು ಸುಮಾರು 920. ಅಂದರೆ ಬೆಂಗಳೂರಿನವರು ಕುಶಾಲನಗರಕ್ಕೆ ಬರುವಾಗ ಇಳಿದೇ ಬರುತ್ತಾರೆ! ಮಾರ್ಚ್ ಮಧ್ಯಾಹ್ನ ಜಾಕೆಟ್ ಹಿಡಿದು ಬಸ್ಸಿಳಿದು, "ಕೂಲ್ ಇರುತ್ತೆ ಅಂದ್ರಲ್ಲಾ" ಅಂತ ಮುಖ ಸಣ್ಣ ಮಾಡುವವರನ್ನು ನೋಡಿದರೆ ಪಾಪ ಅನ್ನಿಸುತ್ತದೆ.

ಆದರೆ ಈ ಲೆಕ್ಕ ಬೆಳಗಿನ ಜಾವ ಕೈಕೊಡುತ್ತದೆ. ಇದನ್ನು ನಾನು ಪುಸ್ತಕದಿಂದ ಅಲ್ಲ, ಗದ್ದೆಯಿಂದ ಕಲಿತೆ. ನಮ್ಮ ಮನೆ ಇಳಿಜಾರಿನ ಮೇಲಿದೆ, ಕೆಳಗೆ ಗದ್ದೆ. ಒಂದು ಫೆಬ್ರವರಿ ಎರಡನೇ ಥರ್ಮಾಮೀಟರ್ ಒಂದನ್ನು ಗದ್ದೆಯ ಬದುವಿನ ಕೋಲಿಗೆ ಕಟ್ಟಿದೆ. ಬೆಳಗ್ಗೆ ಆರೂವರೆಗೆ ಟಾರ್ಚ್ ಹಿಡಿದು ಇಳಿದೆ. ಅಂಗಳದಲ್ಲಿ ಕಾಲಿಗೆ ಅಷ್ಟೇನೂ ಚಳಿ ಇರಲಿಲ್ಲ. ಅರ್ಧ ದಾರಿಯಲ್ಲಿ, ಕಿತ್ತಳೆ ಗಿಡದ ಹತ್ತಿರ, ಯಾರೋ ಬಾಗಿಲು ತೆರೆದ ಹಾಗೆ ಮೊಣಕಾಲಿಗೆ ತಣ್ಣಗೆ ತಾಗಿತು. ಇನ್ನೂ ಹತ್ತು ಹೆಜ್ಜೆಗೆ ಸೊಂಟದವರೆಗೆ. ಗದ್ದೆಯ ಮೇಲೆ ಮಂಜು ಹಾಲು ಸುರಿದ ಹಾಗೆ ಮಟ್ಟಸವಾಗಿ ನಿಂತಿತ್ತು. ಒಣ ಕೂಳೆಯ ತುದಿಯಲ್ಲೆಲ್ಲಾ ಇಬ್ಬನಿ. ಥರ್ಮಾಮೀಟರಿನ ಗಾಜು ಒರೆಸಿ ನೋಡಿದೆ, 11.5. ಮನೆಯ ಹತ್ತಿರ 14.5 ಇತ್ತು. ಕೆಳಗಿದೆ, ಹಾಗಾಗಿ ಬೆಚ್ಚಗಿರಬೇಕು ಅನ್ನುವ ಲೆಕ್ಕ ತಲೆಕೆಳಗು.

ಕಾರಣ ಸರಳ. ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಬಿಸಿಲು ಬಂದು ಒಂದು ಗಂಟೆ ಆದರೆ ಎಲ್ಲಾ ಮಾಯ. ಆದ್ದರಿಂದ ಗರಿಷ್ಠವನ್ನು ಹೋಲಿಸುವಾಗ ಎತ್ತರ ಕಳೆಯಿರಿ. ಕನಿಷ್ಠವನ್ನು ಹೋಲಿಸುವಾಗ ಮೊದಲು ಕೇಳಬೇಕಾದ್ದು, ಥರ್ಮಾಮೀಟರ್ ಗುಡ್ಡದ ಮೇಲಿದೆಯೋ ತಗ್ಗಿನಲ್ಲೋ, ರಾತ್ರಿ ಮೋಡ ಇತ್ತೋ ಇಲ್ಲವೋ. ಮಲಗುವ ಮುಂಚೆ ಒಮ್ಮೆ ಹೊರಗೆ ಬಂದು ಆಕಾಶ ನೋಡಿ. ನಕ್ಷತ್ರ ಕಂಡರೆ ನಾಳೆ ಬೆಳಗ್ಗೆ ಚಳಿ. ಮೋಡ ಇದ್ದರೆ ಅದೇ ಕಂಬಳಿ.

ಫೋನಿನ ಆ್ಯಪ್ ಇದನ್ನೆಲ್ಲ ನೋಡುವುದಿಲ್ಲ. ಅದು ಹೇಳುವುದು ಹೆಚ್ಚಾಗಿ ಯಾವುದೋ ಕಂಪ್ಯೂಟರ್ ಲೆಕ್ಕದ ಅಂಕಿ. ಕೆಲವು ಕಿಲೋಮೀಟರ್ ಉದ್ದಗಲದ ಒಂದೊಂದು ಚೌಕಕ್ಕೆ ಒಂದೊಂದು ಉಷ್ಣಾಂಶ. ಬಯಲುಸೀಮೆಯಲ್ಲಿ ಅದು ನಡೆಯುತ್ತದೆ. ನಮ್ಮಲ್ಲಿ ಒಂದೇ ಚೌಕದೊಳಗೆ ಗುಡ್ಡ, ಗದ್ದೆ, ಹೊಳೆ ಎಲ್ಲಾ ಬಂದುಬಿಡುತ್ತದೆ.

ಎರಡು ಅಂಕಿಯ ನಡುವಿನ ದೂರ ನೋಡಿ

ನನಗೆ ಅತಿ ಇಷ್ಟವಾದ ಲೆಕ್ಕ ಇದು. ಗರಿಷ್ಠದಿಂದ ಕನಿಷ್ಠ ಕಳೆಯಿರಿ. ಹೋದ ವರ್ಷ ಫೆಬ್ರವರಿ ಕೊನೆಯ ಒಂದು ದಿನದ ನಮ್ಮ ನಾಲ್ಕು ಮನೆಯ ಸಾಲು ಹೀಗಿದೆ, ಮೊದಲು ಕನಿಷ್ಠ, ಆಮೇಲೆ ಗರಿಷ್ಠ. ನಮ್ಮಲ್ಲಿ 14.5, 30. ಧಾರವಾಡ 16, 34. ಸುರತ್ಕಲ್ 23, 33. ದೆಹಲಿ 12, 26.

ಧಾರವಾಡದ ಅಂತರ 18, ತಂಗಿಯದ್ದು ಬರೀ 10. ಸಮುದ್ರದ ಪಕ್ಕ ಗಾಳಿಯಲ್ಲಿ ನೀರಿನಂಶ ಜಾಸ್ತಿ, ಅದು ರಾತ್ರಿಯ ಬಿಸಿಯನ್ನು ಹೋಗಲು ಬಿಡುವುದಿಲ್ಲ. ಅಕ್ಕನ ಕಡೆ ಒಣ ಹವೆ, ಬೇಗ ಕಾಯುತ್ತದೆ, ಬೇಗ ಆರುತ್ತದೆ. ಹಗಲು ಒಂದೇ ಡಿಗ್ರಿಯ ವ್ಯತ್ಯಾಸ ಇರುವ ಈ ಇಬ್ಬರ ಜೀವನ ರಾತ್ರಿ ಪೂರ್ತಿ ಬೇರೆ. ಅಕ್ಕ ಚಾದರ ಹೊದೆಯುತ್ತಾಳೆ, ತಂಗಿ ಫ್ಯಾನ್ ಐದಕ್ಕೆ ತಿರುಗಿಸುತ್ತಾಳೆ. ಬರೀ ಗರಿಷ್ಠ ಹೋಲಿಸಿದರೆ ಇದು ಕಾಣುವುದೇ ಇಲ್ಲ. ಇನ್ನೂ ಬಡಗಿಗೆ ಬೀದರ್ ಕಡೆ ಹೋದರೆ ಚಳಿಗಾಲದ ರಾತ್ರಿ ಮಡಿಕೇರಿಗಿಂತ ತಣ್ಣಗಿರುವುದೂ ಉಂಟು. ಕೊಡಗಿನವರಿಗೆ ಇದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ.

ಸುರತ್ಕಲ್ಲಿನ ಹಗಲಿಗೂ ಒಂದು ಗುಟ್ಟಿದೆ. ಫೆಬ್ರವರಿ, ಮಾರ್ಚಿನಲ್ಲಿ ಬೆಳಗ್ಗೆ ಗಾಳಿ ಮೂಡಲಿಂದ ಬೀಸುತ್ತದೆ, ಅಂದರೆ ನಮ್ಮ ಕಡೆಯಿಂದ. ಘಟ್ಟ ಇಳಿಯುವಾಗ ಗಾಳಿ ಒತ್ತಿಕೊಂಡು ನೂರು ಮೀಟರಿಗೆ ಸುಮಾರು ಒಂದು ಡಿಗ್ರಿ ಬಿಸಿಯಾಗುತ್ತದೆ. ನಮ್ಮ ತಂಪು ಗಾಳಿಯೇ ಕೆಳಗೆ ಹೋಗಿ ತಂಗಿಗೆ ಒಲೆಯ ಉರಿಯಾಗಿ ಸಿಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಒಳಗೆ ಬಂದರೆ ಅಲ್ಲಿಗೆ ಏರುವುದು ನಿಂತಿತು. ತಡವಾದ ದಿನ 36, 37 ದಾಟುತ್ತದೆ. ಹಾಗಾಗಿ ಅವಳಿಗೆ ನಾನು ಒಂದು ಕೆಲಸ ಜಾಸ್ತಿ ಹೇಳಿದ್ದೇನೆ: ಕಡಲ ಗಾಳಿ ಎಷ್ಟು ಗಂಟೆಗೆ ಬಂತು ಅಂತ ಬರೆಯುವುದು. ಹಗ್ಗದ ಮೇಲಿನ ಬಟ್ಟೆ ಯಾವ ಕಡೆಗೆ ಹಾರುತ್ತಿದೆ ನೋಡಿದರೆ ಸಾಕು.

ದೆಹಲಿಯ ಕಥೆ ಬೇರೆ. ಅಲ್ಲಿ ಫೆಬ್ರವರಿ ಕೊನೆಗೆ ಹಗಲು ನಮ್ಮದಕ್ಕಿಂತ ಇಪ್ಪತ್ತು ಇಪ್ಪತ್ತೈದು ನಿಮಿಷ ಚಿಕ್ಕದು, ಸೂರ್ಯ ಮಧ್ಯಾಹ್ನವೂ ಅಷ್ಟು ನೆತ್ತಿಗೆ ಬರುವುದಿಲ್ಲ. ಮೆಡಿಟರೇನಿಯನ್ ಕಡೆಯಿಂದ ಪಡುವಣ ಗಾಳಿಯ ಜೊತೆ ಬರುವ ವಾಯುಭಾರ ಕುಸಿತಗಳು ಅಲ್ಲಿ ಚಳಿಗಾಲದ ಮಳೆ ತರುತ್ತವೆ. ಅದು ಬರುವ ಮುಂಚೆ ರಾತ್ರಿ ಬೆಚ್ಚಗಾಗುತ್ತದೆ, ದಾಟಿದ ಮೇಲೆ ಬಡಗಿನ ಚಳಿ ಗಾಳಿ ನುಗ್ಗುತ್ತದೆ. ಮಗ ಸೋಮವಾರ ಸ್ವೆಟರ್ ತೆಗೆದಿಟ್ಟು ಗುರುವಾರ ಮತ್ತೆ ಹುಡುಕುತ್ತಾನೆ. ನಮ್ಮಲ್ಲಿ ಹಾಗೆ ಏರಿಳಿತ ಇಲ್ಲ, ದಿನಕ್ಕಿಷ್ಟು ಅಂತ ಮೆಲ್ಲಗೆ ಏರುತ್ತದೆ. ಆದ್ದರಿಂದ ದೆಹಲಿಯ ಒಂದು ದಿನದ ಅಂಕಿಯನ್ನು ಯಾವುದಕ್ಕೂ ಹೋಲಿಸಬೇಡಿ. ಕನಿಷ್ಠ ಹತ್ತು ದಿನದ ಸರಾಸರಿ ತೆಗೆಯಿರಿ.

ಇನ್ನು ಆರ್ದ್ರತೆ. ಶೇಕಡಾ ಲೆಕ್ಕ ನೋಡಿ ಮೋಸ ಹೋಗಬೇಡಿ. ಬೆಳಗ್ಗೆ 14 ಡಿಗ್ರಿಗೆ ನಮ್ಮಲ್ಲಿ ಶೇ 95 ಇರುತ್ತದೆ. ಮಧ್ಯಾಹ್ನ 33 ಡಿಗ್ರಿಗೆ ತಂಗಿಯಲ್ಲಿ ಶೇ 55. ನೋಡುವುದಕ್ಕೆ ನಾವೇ ಒದ್ದೆ. ಆದರೆ ಬಿಸಿ ಗಾಳಿ ಹೆಚ್ಚು ನೀರು ಹಿಡಿಯುತ್ತದೆ. ನಮ್ಮ ಶೇ 95ರಲ್ಲಿರುವ ನೀರು ಅವಳ ಶೇ 55ರಲ್ಲಿರುವುದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದರ ಬದಲು ಇಬ್ಬನಿ ಬಿಂದು ನೋಡಿ, ಅಂದರೆ ಗಾಳಿ ಎಷ್ಟು ಡಿಗ್ರಿಗೆ ತಣ್ಣಗಾದರೆ ಇಬ್ಬನಿ ಕಟ್ಟುತ್ತದೆ ಅನ್ನುವ ಅಂಕಿ. ಕೆಲವು ಆ್ಯಪ್‌ಗಳು ತೋರಿಸುತ್ತವೆ. ಅದು 20 ದಾಟಿದರೆ ಬೆವರು ಆರುವುದಿಲ್ಲ. 12ರ ಕೆಳಗೆ ಇದ್ದರೆ ತುಟಿ ಒಡೆಯುತ್ತದೆ. ನನ್ನ ಕಣದಲ್ಲಿ ಕಾಫಿ ಬೇಗ ಒಣಗುವುದೂ ಅಂಥ ದಿನಗಳಲ್ಲೇ.

ಇಷ್ಟೆಲ್ಲಾ ಯಾಕೆ ಅಂದರೆ

ಕುತೂಹಲ ಅರ್ಧ, ಹೊಟ್ಟೆಪಾಡು ಅರ್ಧ. ಫೆಬ್ರವರಿ ಕೊನೆ, ಮಾರ್ಚ್ ಮೊದಲು ಅಂದರೆ ರೋಬಸ್ಟಾಕ್ಕೆ ಹೂಮಳೆಯ ಕಾಲ. ಒಂದು ಇಂಚು ಒಟ್ಟಿಗೆ ಬಿದ್ದರೆ ಎಂಟು ಹತ್ತು ದಿನದಲ್ಲಿ ತೋಟ ಬೆಳ್ಳಗೆ ಅರಳುತ್ತದೆ. ಆಮೇಲೆ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ, ಅಂದರೆ ಹೂ ಕಾಯಿ ಕಟ್ಟುವುದಕ್ಕೆ ಇನ್ನೊಂದು ಮಳೆ ಬೇಕು. ಮಳೆ ಬರದಿದ್ದರೆ ಸ್ಪ್ರಿಂಕ್ಲರ್. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು ಒಂದು ಲಕ್ಷ ಲೀಟರ್. ಕೆರೆಯಲ್ಲಿ ಎಷ್ಟಿದೆ, ಡೀಸೆಲ್ ಎಷ್ಟು ಬೇಕು, ಇವತ್ತು ಪಂಪ್ ಹಾಕಬೇಕೋ ನಾಲ್ಕು ದಿನ ಕಾಯಬೇಕೋ, ಇದೇ ಚಿಂತೆ. ಅದೇ ಹೊತ್ತಿಗೆ ಕಣದಲ್ಲಿ ಕಾಫಿ ಹರಡಿರುತ್ತದೆ, ಅದಕ್ಕೆ ಮಳೆ ಬೇಡ. ಗಿಡಕ್ಕೆ ಬೇಕು, ಕಣಕ್ಕೆ ಬೇಡ. ದೇವರಿಗೂ ತಲೆಬಿಸಿ ಅಲ್ವಾ?

ಒಂದು ವರ್ಷ ಆ್ಯಪ್ ಒಂದು ಶೇ 80 ಮಳೆ ಅಂತ ತೋರಿಸಿತು. ನಮ್ಮವರು ಪಂಪ್ ನಿಲ್ಲಿಸಿದರು. ಮಳೆ ಬಂತು, ನಿಜ. ಗುಡ್ಡದ ಆಚೆಗೆ ಒಂದೂಕಾಲು ಇಂಚು, ನಮ್ಮಲ್ಲಿ 40 ಸೆಂಟು. ಇದಕ್ಕಿಂತ ಬರದಿದ್ದರೇ ಒಳ್ಳೆಯದಿತ್ತು. ಅರ್ಧ ಮಳೆಗೆ ಮೊಗ್ಗು ಎಚ್ಚರಗೊಳ್ಳುತ್ತದೆ, ಪೂರ್ತಿ ಅರಳುವುದಿಲ್ಲ. ರಾತ್ರೋರಾತ್ರಿ ಪೈಪು ಎಳೆದು ಉಳಿದ ನೀರು ಕೊಟ್ಟೆವು. ಶೇ 80 ಅನ್ನುವುದು ಮಳೆ ಬರುವ ಸಾಧ್ಯತೆಯೇ ಹೊರತು ಎಷ್ಟು ಬರುತ್ತದೆ ಅನ್ನುವ ಲೆಕ್ಕ ಅಲ್ಲ ಅಂತ ಅವತ್ತು ಬುದ್ಧಿಗೆ ಬಂತು.

ಈ ಹೊತ್ತಿನ ಮಳೆಯೇ ಹಾಗೆ. ಮಧ್ಯಾಹ್ನದ ಬಿಸಿಲಿಗೆ ಮೋಡ ಎದ್ದು, ಸಂಜೆ ಗುಡುಗಿ, ಒಂದು ಬದಿ ಸುರಿದು ಇನ್ನೊಂದು ಬದಿ ಧೂಳು ಬಿಟ್ಟು ಹೋಗುತ್ತದೆ. ಅದಕ್ಕೆ ಹತ್ತಿರದ ಊರುಗಳನ್ನು ಹೋಲಿಸುವಾಗ ಜಿಲ್ಲೆಯ ಸರಾಸರಿ ಉಪಯೋಗಕ್ಕೆ ಬರುವುದಿಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಆ ಅಂಕಿ ನೋಡಿ. ಅದಕ್ಕಿಂತಲೂ ನಾಲ್ಕು ತೋಟದವರು ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡು ದಿನಾ ಸೆಂಟು ಹಾಕಿದರೆ ಉತ್ತಮ. ನಮ್ಮ ಗುಂಪಿನಲ್ಲಿ ಒಂದೇ ನಿಯಮ. ಮಳೆ ಇಲ್ಲದ ದಿನವೂ ಸೊನ್ನೆ ಬರೆಯಬೇಕು. ಬರೆಯದೆ ಬಿಟ್ಟರೆ ಮಳೆ ಬರಲಿಲ್ಲವೋ, ಅವರು ಮದುವೆಗೆ ಹೋಗಿದ್ದರೋ ಗೊತ್ತಾಗುವುದಿಲ್ಲ.

"ಈ ಸಲ ಸೆಕೆ ಜಾಸ್ತಿ" ಅಂತ ಹೇಳುವ ಮುಂಚೆ ಇನ್ನೊಂದು ಹೋಲಿಕೆ ಉಳಿದಿದೆ. ಊರಿಗೆ ಊರನ್ನಲ್ಲ, ಊರನ್ನು ಅದರದೇ ವಾಡಿಕೆಗೆ ಹೋಲಿಸುವುದು. ವಾಡಿಕೆ ಅಂದರೆ ಮೂವತ್ತು ವರ್ಷದ ಸರಾಸರಿ, ಈಗ 1991ರಿಂದ 2020ರವರೆಗಿನದ್ದು. ಧಾರವಾಡದಲ್ಲಿ 34 ಅಂದರೆ ವಾಡಿಕೆಗಿಂತ ಎಷ್ಟು ಮೇಲೆ, ಇಲ್ಲಿ 30 ಅಂದರೆ ಎಷ್ಟು ಮೇಲೆ, ಅದನ್ನು ನೋಡಿದರೆ ಯಾರಿಗೆ ನಿಜವಾಗಿ ಸೆಕೆ ಏರಿದೆ ಅಂತ ಗೊತ್ತಾಗುತ್ತದೆ. 2023ರ ಫೆಬ್ರವರಿಯಲ್ಲಿ ನಾವೆಲ್ಲರೂ ಒಂದೇ ದೂರು ಹೇಳಿದ್ದೆವು, ಯಾರೂ ಜಗಳ ಆಡಲಿಲ್ಲ. ದೇಶದ ಸರಾಸರಿ ಗರಿಷ್ಠ ಉಷ್ಣಾಂಶ 1901ರಿಂದ ಈಚೆಗೆ ಯಾವ ಫೆಬ್ರವರಿಯಲ್ಲೂ ಅಷ್ಟು ಏರಿರಲಿಲ್ಲ ಅಂತ ಆಮೇಲೆ ಹವಾಮಾನ ಇಲಾಖೆ ಹೇಳಿತು.

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತದೆ ಅನ್ನುವ ಮಾತನ್ನೂ ನಾನು ದಿನಾ ಅಂಕಿ ಬರೆಯುವ ಪುಸ್ತಕದಲ್ಲಿ ಪರೀಕ್ಷೆ ಮಾಡಿದ್ದೇನೆ. ಹಗಲಿಗೆ ಸರಿ. ನಮ್ಮ ಗದ್ದೆಗೆ ಮಾತ್ರ ಯಾರೂ ಈ ಗಾದೆ ಹೇಳಿಲ್ಲ ಅಂತ ಕಾಣುತ್ತದೆ, ಹಬ್ಬ ಕಳೆದು ವಾರ ಆದ ಮೇಲೂ ಅಲ್ಲಿ ಬೆಳಗಿನ ಜಾವ 12 ಬರೆದದ್ದಿದೆ.

ಬರೆಯುವುದಕ್ಕೆ ನೂರು ಪುಟದ ರೂಲ್ ಪುಸ್ತಕ ಸಾಕು. ತಾರೀಖು, ಕನಿಷ್ಠ, ಗರಿಷ್ಠ, ಮಳೆ, ರಾತ್ರಿ ಮೋಡ ಇತ್ತೋ, ಗಾಳಿ ಯಾವ ಕಡೆ. ಆರು ಕಾಲಂ, ಒಂದು ನಿಮಿಷದ ಕೆಲಸ. ಅದನ್ನು ಕ್ರೇಟಿನ ಪಕ್ಕ ಇಡಬೇಡಿ, ಇಬ್ಬನಿಗೆ ಹಾಳೆ ಅಂಟಿಕೊಳ್ಳುತ್ತದೆ. ಅಡುಗೆಮನೆಯ ಬಾಗಿಲಿಗೆ ನೇತುಹಾಕಿ. ಪೆನ್ನನ್ನು ದಾರದಲ್ಲಿ ಅದಕ್ಕೇ ಕಟ್ಟಿ, ಇಲ್ಲದಿದ್ದರೆ ಹಾಲಿನ ಲೆಕ್ಕ ಬರೆಯುವುದಕ್ಕೆ ಯಾರಾದರೂ ಒಯ್ಯುತ್ತಾರೆ.